ದೊಡ್ಡ ಬಾಗಿಲ ಬಳಿ ಕಣ್ಣಿಗೆ ಬೀಳದವಳು

ಫೋರ್ಕ್‌ಲಿಫ್ಟ್‌ನಲ್ಲಿ ತಿರುಗುವುದು ಹಿಂದಿನ ಚಕ್ರ. ಕಾರು, ಜೀಪು ಓಡಿಸಿ ಪಳಗಿದವರಿಗೂ ಇದು ಕೂಡಲೇ ಕೈಗೆ ಹತ್ತುವುದಿಲ್ಲ. ಮುಂದೆ ಎರಡು ಕಬ್ಬಿಣದ ನಾಲಿಗೆಗಳ ಮೇಲೆ ಹೊರೆ ಇರುತ್ತದೆ. ಆ ಹೊರೆಗೆ ಯಂತ್ರ ಮುಗ್ಗರಿಸದಿರಲೆಂದು ಹಿಂಭಾಗದಲ್ಲಿ ಎರಕದ ಕಬ್ಬಿಣದ ದೊಡ್ಡ ಗುಡ್ಡೆಯೊಂದನ್ನು ಕೂರಿಸಿರುತ್ತಾರೆ. ಮೂತಿ ಎಡಕ್ಕೆ ಹೊರಳಿದರೆ ಈ ಗುಡ್ಡೆ ಬಲಕ್ಕೆ ಬೀಸುತ್ತದೆ. ಮೂತಿ ಬಲಕ್ಕೆ ಹೊರಳಿದರೆ ಅದು ಎಡಕ್ಕೆ. ಹಾಗಾಗಿ ಈ ಯಂತ್ರದ ಪಕ್ಕದಲ್ಲಿರುವವರು ಹೊರೆಗಿಂತ ಹೆಚ್ಚಾಗಿ ಅದರ ಹಿಂಭಾಗಕ್ಕೆ ಹೆದರಬೇಕು.

ಸುಂಟಿಕೊಪ್ಪದ ಹತ್ತಿರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುವವಳು ನಾನು. ಒಣಗಿದ ಕಾಫಿ ಕಾಯಿ ಸುಲಿಯುವ ಯಂತ್ರ, ಬೀಜ ಬೇರ್ಪಡಿಸುವ ಜರಡಿಗಳು, ಅವುಗಳ ಬೆಲ್ಟು, ಬೇರಿಂಗು ಎಲ್ಲವೂ ನನ್ನ ಪಾಲಿನ ಕೆಲಸ. ಫೋರ್ಕ್‌ಲಿಫ್ಟ್ ಬಂದ ಮೇಲೆ ಅದೂ ನನ್ನ ಪಾಲಿಗೇ ಬಂತು.

ಆ ಮಧ್ಯಾಹ್ನ ಊಟ ಮುಗಿಸಿ ಜರಡಿಯ ಕೆಳಗೆ ತೂರಿ ನಟ್ಟು ಬಿಗಿಸುತ್ತಿದ್ದೆ. ತೋಟಗಳಲ್ಲಿ ರೊಬಸ್ಟಾ ಕೊಯ್ಲು ಮುಗಿಯುತ್ತ ಬಂದಿದ್ದ ಕಾಲ ಅದು. ಗೇಟಿನ ಹೊರಗೆ ಪಿಕಪ್, ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಗೋದಾಮಿನ ಕಡೆಯಿಂದ ಯಾರೋ ಮಲಯಾಳದಲ್ಲಿ “ನಿರ್ತ್! ನಿರ್ತ್!” ಎಂದು, ನಿಲ್ಲಿಸು ಎಂದು, ಕೂಗಿಕೊಂಡರು. ಅದರ ಬೆನ್ನಿಗೇ ಹೆಂಗಸೊಬ್ಬಳ ಚೀತ್ಕಾರ. ಸ್ಪ್ಯಾನರ್ ಕೈಯಲ್ಲಿ ಹಿಡಿದುಕೊಂಡೇ ಓಡಿದೆ.

ನಮ್ಮ ಗೋದಾಮಿನ ಎದುರಿಗೆ ಕಾಫಿ ಒಣಗಿಸುವ ಸಿಮೆಂಟಿನ ಕಣವಿದೆ. ಕಣಕ್ಕೂ ಗೋದಾಮಿಗೂ ನಡುವೆ ಒಂದೇ ದೊಡ್ಡ ಬಾಗಿಲು. ಆ ಬಾಗಿಲ ಒಳಗೆ, ಬಲಗಡೆ, ಚೀಲಗಳ ಅಟ್ಟಿಗೆ ಒರಗಿ ಚೀಲ ಹೊಲಿಯುವ ಅಕ್ಕ ಕೂತಿದ್ದಳು. ತುಂಬಿದ ಗೋಣಿಚೀಲಗಳ ಬಾಯನ್ನು ದಬ್ಬಣ, ಸುತ್ಲಿ ದಾರ ಹಿಡಿದು ಹೊಲಿಯುವುದು ಅವಳ ಕೆಲಸ. ಎಸ್ಟೇಟಿನ ಲೈನ್ ಮನೆಯಿಂದ ಬರುತ್ತಿದ್ದ, ನನಗಿಂತ ತುಂಬ ಹಿರಿಯಳಾದ ಹೆಂಗಸು. ಫೋರ್ಕ್‌ಲಿಫ್ಟ್‌ನ ಹಿಂಭಾಗದ ಗುಡ್ಡೆ ಅವಳ ಬಲಗಾಲನ್ನು ಮೊಣಕಾಲಿನ ಕೆಳಗೆ ಅಟ್ಟಿಗೆ ಒತ್ತಿ ಹಿಡಿದಿತ್ತು. ಅವಳು ಎರಡೂ ಕೈಗಳಿಂದ ಆ ಕಬ್ಬಿಣವನ್ನು ದೂಡುತ್ತಿದ್ದಳು.

ಚಾಲಕ ಸೀಟಿನಲ್ಲಿ ಕಲ್ಲಾಗಿ ಕೂತಿದ್ದ. ಸುಂಟಿಕೊಪ್ಪದವನೇ, ಹಿಂದೆ ಜೀಪು ಓಡಿಸುತ್ತಿದ್ದವನು, ಈ ಯಂತ್ರ ಕಲಿತದ್ದು ನನ್ನಿಂದ. ಸುತ್ತ ಸೇರಿದವರೆಲ್ಲ “ಮುಂದೆ ತೆಗಿ, ಮುಂದೆ ತೆಗಿ” ಎಂದು ಅರಚುತ್ತಿದ್ದರು. ಅವನ ಕೈ ಗೇರಿನ ಮೇಲಿತ್ತು.

“ಮುಟ್ಬೇಡ!” ಎಂದು ಕೂಗಿದೆ. “ಕೀ ಆಫ್ ಮಾಡು. ಹ್ಯಾಂಡ್‌ಬ್ರೇಕ್ ಎಳಿ. ಸ್ಟೀರಿಂಗ್‌ನಿಂದ ಕೈ ತೆಗಿ.”

ಆ ಬಾಗಿಲಿನಿಂದ ಒಳಕ್ಕೆ ನೆಲ ಸ್ವಲ್ಪ ಇಳಿಜಾರಾಗಿದೆ. ಮುಂದಕ್ಕೆ ತೆಗೆಯಲು ಬ್ರೇಕ್ ಬಿಟ್ಟರೆ ಯಂತ್ರ ಮೊದಲು ಕೂದಲೆಳೆಯಷ್ಟಾದರೂ ಹಿಂದಕ್ಕೆ ಸರಿಯುತ್ತದೆ. ಹೆದರಿದವನು ಸ್ಟೀರಿಂಗ್ ಸ್ವಲ್ಪ ಆಚೀಚೆ ತಿರುಗಿಸಿದನೋ, ಹಿಂಭಾಗ ಇನ್ನಷ್ಟು ಬೀಸುತ್ತದೆ. ಎರಡರಲ್ಲಿ ಯಾವುದಾದರೂ ಆ ಕಾಲಿನ ಕತೆ ಅಲ್ಲಿಗೆ ಮುಗಿಯುತ್ತದೆ. ಯಂತ್ರವನ್ನು ಕದಲಿಸುವುದಲ್ಲ, ಅಟ್ಟಿಯನ್ನು ಕದಲಿಸಬೇಕು ಎಂದು ನನಗೆ ಹೊಳೆದದ್ದು ಆಗ.

ಚಕ್ರಗಳ ಹಿಂದೆ ಮರದ ತುಂಡುಗಳನ್ನು ಕೊಟ್ಟೆವು. ಹಮಾಲಿಗಳ ಮೇಸ್ತ್ರಿ ತನ್ನವರನ್ನು ಅಟ್ಟಿಯ ಮೇಲೆ ಹತ್ತಿಸಿದ. ಮೇಲಿನಿಂದ ಒಂದೊಂದೇ ಚೀಲ ಇಳಿಯತೊಡಗಿತು. ಆದರೆ ಅಕ್ಕನ ಕಾಲಿನ ಹಿಂದೆ ಇದ್ದ ಅಡಿಯ ಚೀಲಗಳನ್ನು ಎಳೆದು ತೆಗೆಯುವ ಹಾಗಿರಲಿಲ್ಲ. ಒಣ ಕಾಯಿ ತುಂಬಿದ ಚೀಲ ಒತ್ತಡಕ್ಕೆ ಸಿಕ್ಕಿ ಗೋಡೆಯಂತಾಗಿತ್ತು.

“ಮೇಡಂ, ಮೇಲಿಂದು ಖಾಲಿ ಆಯ್ತು. ಕೆಳಗಿಂದು ಹರಿದುಬಿಡೋಣ,” ಎಂದ ಮೇಸ್ತ್ರಿ.

ಸುತ್ಲಿ ಕತ್ತರಿಸಲು ಅಕ್ಕ ಇಟ್ಟುಕೊಂಡಿದ್ದ ಚಾಕು ಅವಳ ಮಡಿಲ ಬಳಿಯೇ ಬಿದ್ದಿತ್ತು. ಅದನ್ನು ತೆಗೆದುಕೊಂಡು ಮೇಸ್ತ್ರಿ ಚೀಲದ ಹೊಟ್ಟೆ ಸೀಳಿದ. ಕಾಯಿಗಳು ಸರಸರನೆ ನೆಲಕ್ಕೆ ಸುರಿದವು. ಚೀಲ ಕುಗ್ಗುತ್ತ ಹೋಯಿತು. ಅಕ್ಕನ ಕಾಲಿನ ಹಿಂದೆ ಮೊದಲು ಬೆರಳು ತೂರುವಷ್ಟು, ಆಮೇಲೆ ಅಂಗೈ ತೂರುವಷ್ಟು ಜಾಗವಾಯಿತು. ನಾನು ಅವಳ ತೋಳಡಿಗೆ ಕೈ ಕೊಟ್ಟು ಹಿಂದಕ್ಕೆ ಎಳೆದುಕೊಂಡೆ. ಅವಳು ಕೂಗಲಿಲ್ಲ. ಕಾಯಿಗಳ ರಾಶಿಯ ಮೇಲೆ ಮಲಗಿ, “ಕಾಲು ಉಂಟಾ ಮೇಡಂ?” ಎಂದು ಕೇಳಿದಳು.

“ಉಂಟು ಅಕ್ಕ,” ಎಂದೆ. ಕಾಲು ಇತ್ತು. ಮೂಳೆ ಚರ್ಮ ಸೀಳಿ ಹೊರಗೆ ಕಾಣುತ್ತಿತ್ತು.

ಶುಭ್ರ ಬಟ್ಟೆ ಒತ್ತಿ, ಎರಡು ಹಲಗೆ ತುಂಡುಗಳ ನಡುವೆ ಕಾಲನ್ನು ಕಟ್ಟಿದೆವು. ಆಂಬುಲೆನ್ಸಿಗೆ ಕಾಯದೆ ವರ್ಕ್ಸಿನ ಪಿಕಪ್ಪಿನಲ್ಲಿ ಖಾಲಿ ಚೀಲಗಳನ್ನು ಹಾಸಿ ಮಡಿಕೇರಿಗೆ ಹೊರಟೆವು. ಅವಳು ದಾರಿಯುದ್ದಕ್ಕೂ ನೀರು ಕೇಳಿದಳು. ಆಪರೇಷನ್ ಆಗಬಹುದು, ಕೊಡಬಾರದು ಎಂದು ಗೊತ್ತಿತ್ತು. ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತ ಕೂತೆ. ಮಡಿಕೇರಿಯಲ್ಲಿ ರಕ್ತ ನಿಲ್ಲಿಸಿ ಮೈಸೂರಿಗೆ ಕಳಿಸಿದರು. ಅಲ್ಲಿ ಕಾಲಿನ ಹೊರಗಿನಿಂದಲೇ ಮೂಳೆಗೆ ಸರಳುಗಳನ್ನು ಕೂರಿಸಿದರು. ಕಾಲು ಉಳಿಯಿತೆಂದು ಅವಳ ಮಗಳು ಫೋನು ಮಾಡಿ ಹೇಳಿದಾಗ ನಾನು ಗಾಳಿಬೀಡಿನ ಮನೆಯಲ್ಲಿದ್ದೆ. ಅವ್ವ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. “ಹೆಂಗೆ ಉಟ್ಟು ಈಗ ಅವ್ಳಿಗೆ?” ಎಂದು, ಈಗ ಹೇಗಿದ್ದಾಳೆ ಎಂದು, ನಮ್ಮ ಅರೆಭಾಷೆಯಲ್ಲಿ ಕೇಳಿದರು. ಹೇಳಿದೆ. ಆಮೇಲೆ ಅವ್ವ ಇನ್ನೊಂದು ಪ್ರಶ್ನೆ ಕೇಳಿದರು: ಹಗಲು ಹೊತ್ತಿನಲ್ಲಿ, ಅಷ್ಟು ದೊಡ್ಡ ಹೆಂಗಸು ಅವನಿಗೆ ಕಾಣದೆ ಹೋದದ್ದು ಹೇಗೆ?

ವರ್ಕ್ಸಿನಲ್ಲಿ ಆ ಪ್ರಶ್ನೆಗೆ ಉತ್ತರ ಆಗಲೇ ಸಿದ್ಧವಾಗಿತ್ತು. ಚಾಲಕ ಮೊಬೈಲು ನೋಡುತ್ತಿದ್ದ ಎಂದು ಎಲ್ಲರೂ ಹೇಳುತ್ತಿದ್ದರು. ಪೊಲೀಸರು ಬಂದು ಅವನ ಮೇಲೆ ನಿರ್ಲಕ್ಷ್ಯದ ಕೇಸು ಹಾಕಿದರು. ಅವನ ಮೊಬೈಲು ಆ ಹೊತ್ತಿನಲ್ಲಿ ಆಫೀಸಿನಲ್ಲಿ ಚಾರ್ಜಿಗೆ ಇತ್ತೆಂದು ಗುಮಾಸ್ತ ಹೇಳಿದರೂ ಮಾತು ಮಾತ್ರ ನಿಲ್ಲಲಿಲ್ಲ.

“ಬ್ರೇಕ್ ಚೆಕ್ ಮಾಡಿ ಹೇಳಿ,” ಎಂದರು ಮ್ಯಾನೇಜರ್. “ಬ್ರೇಕ್ ಸರಿ ಉಂಟು ಅಂದ್ರೆ ತಪ್ಪು ಅವನದ್ದೇ. ಇದರಲ್ಲಿ ಮತ್ತೆ ಯೋಚನೆ ಎಂಥದು?”

ಬ್ರೇಕು ಸರಿ ಇತ್ತು. ಎಣ್ಣೆ ಸೋರಿರಲಿಲ್ಲ, ಪೆಡಲು ಗಟ್ಟಿಯಾಗಿತ್ತು, ಹೊರೆ ಹೊತ್ತು ಓಡಿಸಿ ನಿಲ್ಲಿಸಿದರೆ ನಿಲ್ಲಬೇಕಾದಲ್ಲೇ ನಿಲ್ಲುತ್ತಿತ್ತು. ಹಾರನ್ ಕೂಗುತ್ತಿತ್ತು. ರಿವರ್ಸ್ ಹೋಗುವಾಗ ತಾನಾಗಿಯೇ ಬಡಿದುಕೊಳ್ಳುವ ಬಜರೂ ಸರಿಯಾಗಿತ್ತು. ಯಂತ್ರದಲ್ಲಿ ದೋಷವಿಲ್ಲ ಎಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಅವ್ವನ ಪ್ರಶ್ನೆ ತಲೆಯಿಂದ ಇಳಿಯಲಿಲ್ಲ. ಚಾಲಕನನ್ನು ಅವನ ಮನೆಯ ಹತ್ತಿರ ಹೋಗಿ ಕಂಡೆ.

“ಹೊರೆ ಎತ್ತರ ಇತ್ತು ಮೇಡಂ. ಮುಂದೆ ಎಂಥದೂ ಕಾಣುದಿಲ್ಲ. ಅದಕ್ಕೆ ನೀವು ಕಲಿಸಿದ ಹಾಗೆ ರಿವರ್ಸಲ್ಲೇ ಬಂದೆ,” ಎಂದ. “ಕುತ್ತಿಗೆ ತಿರುಗಿಸಿ ಹಿಂದೆ ನೋಡಿಕೊಂಡೇ ಬಂದದ್ದು. ಖುದಾನಾಣೆ ನೋಡಿದ್ದೇನೆ. ಅಲ್ಲಿ ಯಾರೂ ಇರ್ಲಿಲ್ಲ.”

“ಅಕ್ಕ ಕೂತಿದ್ದಳಲ್ಲ?”

“ಇದ್ದಳು. ಆದ್ರೆ ನಂಗೆ ಇರ್ಲಿಲ್ಲ. ಇದನ್ನ ಯಾರ ಹತ್ರ ಹೇಳುದು ಹೇಳಿ?” ಎಂದ.

ಎತ್ತರದ ಹೊರೆ ಇದ್ದರೆ ಹಿಮ್ಮುಖವಾಗಿ ಬರಬೇಕು ಎನ್ನುವುದು ಸರಿಯಾದ ನಿಯಮವೇ. ಅವನು ಅದನ್ನು ಪಾಲಿಸಿದ್ದ. ಹಿಂದಕ್ಕೆ ನೋಡಿಯೂ ಇದ್ದ. ಹಾಗಾದರೆ ಕಣ್ಣಿನ ಎದುರಿಗೆ ಕೂತವಳು ಕಣ್ಣಿಗೆ ಯಾಕೆ ಬೀಳಲಿಲ್ಲ?

ಮರುದಿನ ಬೆಳಿಗ್ಗೆ ಅಕ್ಕ ಕೂರುತ್ತಿದ್ದ ಜಾಗದಲ್ಲಿ ಒಂದು ಸ್ಟೂಲಿಟ್ಟೆ. ಅದರ ಮೇಲೆ ಹೊಟ್ಟು ತುಂಬಿದ ಚೀಲ ನಿಲ್ಲಿಸಿ, ಅವಳು ಉಡುತ್ತಿದ್ದಂಥ ಕೆಂಪು ಬಟ್ಟೆ ಸುತ್ತಿದೆ. ಹತ್ತಿರ ಯಾರನ್ನೂ ಬಿಡದೆ, ಖಾಲಿ ಯಂತ್ರವನ್ನು ನಾನೇ ಕಣದಿಂದ ರಿವರ್ಸಿನಲ್ಲಿ ಒಳಗೆ ತಂದೆ. ಕೆಂಪು ಚೀಲ ಸ್ಪಷ್ಟವಾಗಿ ಕಂಡಿತು. ಯಂತ್ರದ ಮೇಲಿನ ಕಂಬಿಗಳು ಮರೆ ಮಾಡಿರಬಹುದೆಂದು ಸೀಟು ಏರಿಸಿ ನೋಡಿದೆ, ಇಳಿಸಿ ನೋಡಿದೆ. ಮತ್ತೆ ಮತ್ತೆ ಬಂದೆ. ಪ್ರತಿ ಸಲವೂ ಕಂಡಿತು. ಕಣದ ಮೇಲೆ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ.

“ಕಂಡಿತಲ್ಲ?” ಎಂದರು ಮ್ಯಾನೇಜರ್. “ಇನ್ನು ಬಿಟ್ಟುಬಿಡಿ. ನಾಡಿದ್ದು ಕುಶಾಲನಗರದಿಂದ ಬೇರೆ ಡ್ರೈವರ್ ಬರ್ತಾನೆ.”

ನಾನೂ ಹೆಚ್ಚುಕಡಿಮೆ ಬಿಟ್ಟೇ ಬಿಟ್ಟಿದ್ದೆ. ಚಾಲಕ ಸುಳ್ಳು ಹೇಳುತ್ತಿದ್ದಾನೆ ಎಂದಲ್ಲ. ಭಯದಲ್ಲಿ ನೆನಪು ಕಲಸಿಹೋಗಿರಬೇಕು ಎಂದುಕೊಂಡೆ.

ಅದೇ ದಿನ ಮಧ್ಯಾಹ್ನ ಕಣದ ತುದಿಯಲ್ಲಿ ನೀರಿನ ಪಂಪು ಕೆಟ್ಟಿತು. ಅಷ್ಟು ಹೊತ್ತಿಗೆ ಮಂಜೆಲ್ಲ ಕರಗಿ ಬಿಸಿಲು ಸುಡುತ್ತಿತ್ತು. ಬಿಳಿಚಿಕೊಂಡ ಸಿಮೆಂಟಿನ ಮೇಲೆ ಕೂತು ಪಂಪು ಬಿಚ್ಚುವಷ್ಟರಲ್ಲಿ ಕಣ್ಣಿಗೆ ಬೆಂಕಿ ಬಡಿದಂತಾಗಿತ್ತು. ವಾಷರು ಬೇಕಾಯಿತು. ಎದ್ದು ಬಿರಬಿರನೆ ಗೋದಾಮಿನೊಳಗೆ ಹೆಜ್ಜೆ ಇಟ್ಟೆ. ಮೊಣಕಾಲಿಗೆ ಏನೋ ಬಲವಾಗಿ ಬಡಿಯಿತು. ಕೈಯೂರಿ ಬಿದ್ದೆ.

ಬಿದ್ದಲ್ಲಿಂದ ತಲೆ ಎತ್ತಿದೆ. ನಾನು ಎಡವಿದ್ದು ನಾನೇ ಇಟ್ಟ ಸ್ಟೂಲಿಗೆ. ಕೆಂಪು ಬಟ್ಟೆಯ ಚೀಲ ನನ್ನ ಪಕ್ಕ ಉರುಳಿತ್ತು. ನಿಧಾನವಾಗಿ, ಫೋಟೋ ತೊಳೆದಂತೆ, ಕತ್ತಲೊಳಗಿಂದ ಮೊದಲು ಬಟ್ಟೆಯ ಬಣ್ಣ ಬಂತು, ಆಮೇಲೆ ಅಟ್ಟಿಗಳು ಬಂದವು, ಆಮೇಲೆ ಕಂಬ.

ಮೊಣಕಾಲು ಉರಿಯುತ್ತಿತ್ತು. ಆದರೂ ನನಗೆ ನಗು ಬಂತು.

ಬಿಸಿಲಿನಿಂದ ಒಳಗೆ ಬಂದರೆ ಕಣ್ಣು ಕತ್ತಲಿಡುತ್ತದೆ ಎನ್ನುವುದು ಮಕ್ಕಳಿಗೂ ಗೊತ್ತು. ಮನೆಗೆ ಬಂದವರಿಗೆ ‘ಮೆಟ್ಟಿಲು ಉಂಟು, ನೋಡಿ’ ಎಂದು ಹೇಳುವುದೂ ಅದಕ್ಕೇ. ಆದರೆ ಅಪಘಾತವಾದಾಗ ನಾವೆಲ್ಲ ಒಳಗೇ ನಿಂತು ಮಾತಾಡಿದ್ದೆವು. ಪೊಲೀಸರೂ ಒಳಗೆ ಬಂದು, ಸ್ವಲ್ಪ ಹೊತ್ತು ನಿಂತು, ಆಮೇಲೆ ನೋಡಿದ್ದರು. ಒಳಗೆ ನಿಂತ ಕಣ್ಣಿಗೆ ಗೋದಾಮು ಕತ್ತಲಲ್ಲ. ನಾನು ಪರೀಕ್ಷೆ ಮಾಡಿದ್ದು ಮಂಜಿನ ಬೆಳಿಗ್ಗೆ. ಚಾಲಕನಾದರೋ ಊಟವಾದಾಗಿನಿಂದ ಕಣದಲ್ಲೇ ಹೊರೆ ತುಂಬಿಸಿಕೊಳ್ಳುತ್ತ ಕಾದು, ನೇರ ಆ ಬಿಸಿಲಿನಿಂದ ಒಳಗೆ ಬಂದಿದ್ದ. ಬಾಗಿಲು ದಾಟಿ ಅವನು ಯಂತ್ರವನ್ನು ಹೊರಳಿಸಬೇಕಾದ ಜಾಗವೂ, ಅವನ ಕಣ್ಣು ಏನನ್ನೂ ಕಾಣದ ಜಾಗವೂ ಒಂದೇ.

ಮ್ಯಾನೇಜರ್‌ಗೆ ಹೇಳಿದೆ. ಅವರು ನನ್ನ ಮೊಣಕಾಲು ನೋಡಿ, “ನಿಮಗೆ ಕನ್ನಡಕ ಬೇಕು,” ಎಂದು ನಕ್ಕರು.

ನನಗೆ ಇನ್ನೊಂದು ಸಂಗತಿ ಅರ್ಥವಾಗಬೇಕಿತ್ತು. ಯಂತ್ರ ಬಂದು ತಿಂಗಳುಗಳಾಗಿದ್ದವು. ಬಿಸಿಲು ಆ ವಾರ ಹೊಸದಾಗಿ ಬಂದದ್ದಲ್ಲ. ಹಾಗಿದ್ದರೆ ಇಷ್ಟು ದಿನ ಏನೂ ಆಗದೆ, ಆ ದಿನವೇ ಯಾಕೆ ಆಯಿತು? ಭಾನುವಾರ ಮೈಸೂರಿನ ಬಸ್ಸು ಹತ್ತಿದೆ.

ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಕಾಲಿನ ಸುತ್ತ ಕಬ್ಬಿಣದ ಸರಳು, ಬಳೆಗಳು. ಮಗಳು ಸೇಬು ಹೆಚ್ಚುತ್ತಿದ್ದಳು. ನಾನು ಕೇಳುವ ಮೊದಲೇ ಅಕ್ಕ ಚಾಲಕನ ಮಾತೆತ್ತಿದಳು.

“ಅವನು ಮೊಬೈಲ್ ನೋಡ್ತಿದ್ನಂತಲ್ಲ ಮೇಡಂ? ಒಂದು ನಾಯಿ ಮಲಗಿದ್ರೂ ಜನ ನೋಡಿ ಓಡಿಸ್ತಾರೆ. ನಾನು ನಾಯಿಗಿಂತ ಕಡೆ ಆದ್ನಾ?”

ಮೊಬೈಲು ಚಾರ್ಜಿಗಿತ್ತು ಎಂದೆ. ಅವಳು ನಂಬಲಿಲ್ಲ. “ಬಜರ್ ಹೊಡ್ಕೊಳ್ತಿತ್ತಲ್ಲ ಅಕ್ಕ, ನಿಮಗೆ ಕೇಳ್ಲಿಲ್ವಾ?” ಎಂದೆ.

“ಅದು ಬೆಳಿಗ್ಗೆಯಿಂದ ಸಾಯಂಕಾಲದ ತನಕ ಹೊಡ್ಕೊಳ್ತದೆ. ಯಾವ ಕೂಗಿಗೆ ಏಳೋದು, ಯಾವುದಕ್ಕೆ ಕೂರೋದು? ಮತ್ತೆ, ನಾನು ಅವನನ್ನ ನೋಡ್ತಾನೇ ಇದ್ದೆ. ಬಾಗಿಲಲ್ಲಿ ಒಳ್ಳೆ ಬೆಳಕಲ್ಲಿ ಬರ್ತಾ ಇದ್ದ. ಮುಖ ಈ ಕಡೆಗೇ ತಿರುಗಿಸಿದ್ದ. ನನ್ನನ್ನೇ ನೋಡ್ತಾ ಇದ್ದ ಮೇಡಂ. ನೋಡಿದ ಮೇಲೆ ನಿಲ್ಲಿಸ್ತಾನಲ್ಲ ಅಂತ ಇದ್ದೆ.”

ಅವಳು ಕತ್ತಲಲ್ಲಿ ಕೂತು ಬೆಳಕಿಗೆ ನೋಡುತ್ತಿದ್ದಳು. ಅವಳಿಗೆ ಎಲ್ಲ ಕಾಣುತ್ತಿತ್ತು. ಅವನು ಬೆಳಕಿನಿಂದ ಕತ್ತಲಿಗೆ ನೋಡುತ್ತಿದ್ದ. ತನಗೆ ಕಂಡವನಿಗೆ ತಾನೂ ಕಂಡೆ ಎಂದು ನಂಬುವುದು ತಪ್ಪಲ್ಲ. ಯಾರಾದರೂ ಹಾಗೆಯೇ ನಂಬುತ್ತಾರೆ.

“ಯಾವಾಗಲೂ ಅಲ್ಲೇ ಕೂರ್ತಿದ್ರಾ ಅಕ್ಕ?”

“ಇಲ್ಲಪ್ಪ. ಮೊದಲು ಒಳಗೆ ಕಿಟಕಿ ಹತ್ರ ಕೂರ್ತಿದ್ದೆ. ಈಗ ಕಿಟಕಿ ಎಲ್ಲುಂಟು? ಅಟ್ಟಿ ಅದರ ಮೇಲೆ ಹೋಯ್ತಲ್ಲ. ದಬ್ಬಣಕ್ಕೆ ಸುತ್ಲಿ ಪೋಣಿಸ್ಲಿಕ್ಕೆ ಬೆಳಕು ಬೇಡವಾ? ಬಾಗಿಲಿಗೆ ಬಂದೆ.”

ಸೋಮವಾರ ಗೋದಾಮಿನ ಒಳಗೆ ಹೋಗಿ ಹುಡುಕಿದೆ. ಕಿಟಕಿ ಇತ್ತು. ಅಟ್ಟಿಯ ಹಿಂದೆ ಅದರ ಮೇಲಂಚು ಮಾತ್ರ ಗೆರೆಯಷ್ಟು ಬೆಳ್ಳಗೆ ಕಾಣುತ್ತಿತ್ತು. ಹಮಾಲಿಗಳು ಹೊತ್ತು ಒಟ್ಟುತ್ತಿದ್ದಾಗ ಅಟ್ಟಿ ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ನಿಲ್ಲುತ್ತಿತ್ತು. ಫೋರ್ಕ್‌ಲಿಫ್ಟ್ ಅದನ್ನು ಎರಡರಷ್ಟು ಎತ್ತರಕ್ಕೆ ಏರಿಸಿತ್ತು. ಜಾಗ ಉಳಿಯಿತೆಂದು ಎಲ್ಲರಿಗೂ ಸಂತೋಷವಾಗಿತ್ತು. ಎತ್ತರದ ಅಟ್ಟಿ ಕಿಟಕಿಯನ್ನು ಮುಚ್ಚಿತು. ಕಿಟಕಿ ಮುಚ್ಚಿದ್ದರಿಂದ ಒಳಗೆ ಕತ್ತಲಾಯಿತು, ಅಕ್ಕ ಬಾಗಿಲಿಗೆ ಬಂದಳು. ಕತ್ತಲಾದದ್ದರಿಂದಲೇ ಚಾಲಕನ ಕಣ್ಣು ಇನ್ನಷ್ಟು ಸೋತಿತು. ಇದರಲ್ಲಿ ಯಾರೂ ಬೇಕೆಂದು ಮಾಡಿದ್ದು ಒಂದೂ ಇರಲಿಲ್ಲ.

ಕುಶಾಲನಗರದ ಹೊಸ ಚಾಲಕ ಅಷ್ಟರಲ್ಲಿ ಬಂದಿದ್ದ. ಲೈಸೆನ್ಸು, ಅನುಭವ ಎರಡೂ ಇದ್ದ ಗಂಭೀರ ಮನುಷ್ಯ. ಮಧ್ಯಾಹ್ನದಿಂದಲೇ ಕೆಲಸ ಶುರುವಾಗಬೇಕೆಂದು ಮ್ಯಾನೇಜರ್ ಹೇಳಿದರು.

“ಸಾರ್, ಒಂದೇ ಒಂದು ಸಲ ನೋಡಿ. ಆಮೇಲೆ ನಾನು ಬಾಯಿ ಬಿಡೋದಿಲ್ಲ,” ಎಂದೆ.

ಹೊಸ ಚಾಲಕನಿಗೆ ಮುಚ್ಚಿಡದೆ ಹೇಳಿದೆ: “ಬಾಗಿಲ ಒಳಗೆ ದಾರಿಯಲ್ಲಿ ಒಂದು ಚೀಲ ಇಟ್ಟಿರ್ತೇನೆ. ಎಲ್ಲಿ ಅಂತ ಹೇಳುದಿಲ್ಲ. ಮೆಲ್ಲ ಬನ್ನಿ. ಕಂಡ ಕೂಡಲೇ ನಿಲ್ಲಿಸಿ.” ಅವನು ಬೇಸರ ಮಾಡಿಕೊಳ್ಳದೆ ತಲೆಯಾಡಿಸಿದ. ಊಟವಾದ ಮೇಲೆ ಅವನು ಕಣದಲ್ಲಿ ಹೊರೆ ಹೇರಿಸಿಕೊಳ್ಳುತ್ತಿದ್ದಾಗ ನಾವು ಜನರನ್ನೆಲ್ಲ ಗೋದಾಮಿನ ಆಚೆ ತುದಿಗೆ ಕಳಿಸಿದೆವು. ಬಾಗಿಲ ಬಳಿ ಕಂಬದ ಹಿಂದೆ ನಿಂತದ್ದು ಮ್ಯಾನೇಜರ್ ಮತ್ತು ನಾನು ಮಾತ್ರ. ಕೆಂಪು ಬಟ್ಟೆಯ ಚೀಲ ನಮ್ಮ ಎದುರಿಗೆ, ಅಷ್ಟು ದೂರದಲ್ಲಿ, ಸ್ಪಷ್ಟವಾಗಿ ಕಾಣುತ್ತಿತ್ತು.

“ಇದು ಕಾಣುದಿಲ್ಲ ಅಂದ್ರೆ ನಾನು ನಂಬುದಿಲ್ಲ,” ಎಂದರು ಮ್ಯಾನೇಜರ್ ಪಿಸುಮಾತಿನಲ್ಲಿ.

ಬಜರ್ ಬಡಿದುಕೊಳ್ಳುತ್ತ ಯಂತ್ರ ಹಿಮ್ಮುಖವಾಗಿ ಬಾಗಿಲಿಗೆ ಬಂತು. ಚಾಲಕ ಕುತ್ತಿಗೆ ಪೂರ್ತಿ ತಿರುಗಿಸಿ, ಹುಬ್ಬು ಗಂಟಿಕ್ಕಿ ಒಳಗೆ ನೋಡುತ್ತಿದ್ದ. ನೋಡಿದ್ದು ನೇರ ನಮ್ಮ ಕಡೆಗೆ, ಚೀಲದ ಕಡೆಗೆ. ಹೊಸಿಲಲ್ಲಿ ವೇಗ ಇನ್ನೂ ತಗ್ಗಿಸಿದ. ಒಳಗೆ ಬಂದ. ಹೊರಳಿಸಿದ. ಕಬ್ಬಿಣದ ಗುಡ್ಡೆ ಬಲಕ್ಕೆ ಬೀಸಿತು. ಸ್ಟೂಲು ಚಟ್ಟನೆ ಮುರಿಯಿತು. ಚೀಲ ಅಟ್ಟಿಗೆ ಒತ್ತಿಕೊಂಡು ಬಿರಿದು ಹೊಟ್ಟು ಮೇಲಕ್ಕೆ ಚಿಮ್ಮಿತು.

ಅವನು ಬ್ರೇಕ್ ಒತ್ತಿದ್ದು ಆ ಶಬ್ದಕ್ಕೆ. “ಎಲ್ಲಿತ್ತು?” ಎಂದು ಕೇಳಿದ. ಸೀಟಿನಿಂದ ಬಗ್ಗಿ ನೋಡಿದ. “ಮೇಡಂ, ಎಲ್ಲಿತ್ತು ಅದು?”

ಮ್ಯಾನೇಜರ್ ಕಂಬ ಹಿಡಿದುಕೊಂಡು ನಿಂತಿದ್ದರು. ಅವರ ಅಂಗಿಯ ಮೇಲೆಲ್ಲ ಹೊಟ್ಟಿನ ಧೂಳು.

ನಾನು ಹತ್ತಿರ ಹೋಗಿ ಯಂತ್ರದ ಕೀ ತೆಗೆದುಕೊಂಡೆ. “ಈ ಬಾಗಿಲಲ್ಲಿ ಇನ್ನು ಯಂತ್ರ ಬರೋದು ಬೇಡ ಸಾರ್. ಬಾಗಿಲು ಸರಿ ಆಗೋ ತನಕ,” ಎಂದೆ.

“ಹೊರಗೆ ಲಾರಿ ಎಷ್ಟು ನಿಂತಿದಾವೆ ಅಂತ ನೋಡಿದ್ದೀರಾ?”

“ನೋಡಿದ್ದೇನೆ.”

“ಸೀಸನ್ ಮಧ್ಯೆ ಹೀಗೆ ಹೇಳಿದ್ರೆ ಮೇಲಿನವರಿಗೆ ನಾನು ಎಂಥ ಹೇಳ್ಲಿ?”

“ನೀವು ಈಗ ಕಂಡದ್ದನ್ನ ಹೇಳಿ.”

ಅವರು ಮುರಿದ ಸ್ಟೂಲಿನ ಕಾಲನ್ನು ಬೂಟಿನಿಂದ ಸರಿಸಿದರು. ಆಮೇಲೆ ಮೇಸ್ತ್ರಿಯನ್ನು ಕರೆದು, ಹಳೆಯ ಕೈಗಾಡಿಗಳನ್ನು ಹೊರಗೆ ತೆಗೆಯಲು ಹೇಳಿದರು. ಮೇಸ್ತ್ರಿಯ ಗೊಣಗಾಟ ಆಫೀಸಿನ ತನಕ ಕೇಳಿತು. ಅಷ್ಟು ಚೀಲ ಮತ್ತೆ ಕೈಯಲ್ಲಿ ಎಳೆಯುವುದು ಸಣ್ಣ ಮಾತಲ್ಲ. ಲಾರಿಯವರು ಬೈದರು. ತೋಟದವರು ಫೋನು ಮಾಡಿ ಮಾಡಿ ಕೂಗಾಡಿದರು. ಆ ದಿನಗಳಲ್ಲಿ ಊಟದ ಹೊತ್ತಿಗೆ ಯಾರೂ ನನ್ನ ಪಕ್ಕ ಕೂರುತ್ತಿರಲಿಲ್ಲ.

ಬಾಗಿಲು ಸರಿ ಆಗಬೇಕು ಎಂದು ಹೇಳಿದ್ದೆನೇ ಹೊರತು ಹೇಗೆಂದು ನನಗೂ ಗೊತ್ತಿರಲಿಲ್ಲ. ಮೊದಲು ಬಾಗಿಲ ಒಳಗೆ ದೊಡ್ಡ ದೊಡ್ಡ ಎಲ್ಇಡಿ ದೀಪ ಹಾಕಿಸಿದೆ. ಸಂಜೆ ನೋಡಿದರೆ ಗೋದಾಮು ಮದುವೆ ಮನೆಯಂತೆ ಹೊಳೆಯುತ್ತಿತ್ತು. ಮಧ್ಯಾಹ್ನ ಕಣದಿಂದ ಒಳಗೆ ಬಂದರೆ ಮತ್ತೆ ಅದೇ ಕತ್ತಲು. ದೀಪಗಳು ಮಿಂಚುಹುಳದಂತೆ ಮೇಲೆಲ್ಲೋ ಇದ್ದವು. ಸೂರ್ಯನ ಜೊತೆ ಬಲ್ಬು ಪೈಪೋಟಿ ಮಾಡಲಾರದು. ಆಮೇಲೆ ಬಾಗಿಲ ಮೂಲೆಗೆ ಉಬ್ಬುಗನ್ನಡಿ ತೂಗುಹಾಕಿದೆ. ಅದು ಕಣದ ಬಿಸಿಲನ್ನು ಹಿಡಿದು ನೇರ ಕಣ್ಣಿಗೇ ಹೊಡೆಯಿತು. ಅದನ್ನು ಅದೇ ದಿನ ಬಿಚ್ಚಿಸಿದೆ.

ಒಳಗೆ ಬೆಳಕು ಹೆಚ್ಚಿಸುವುದರ ಬಗ್ಗೆಯೇ ಯೋಚಿಸುತ್ತಿದ್ದೆ. ಹೊರಗೆ ಬೆಳಕು ಕಡಿಮೆ ಮಾಡುವ ಯೋಚನೆ ಬಂದದ್ದು ಸುಂಟಿಕೊಪ್ಪದ ಬಸ್ ನಿಲ್ದಾಣದಲ್ಲಿ. ಅಂಗಡಿಯೊಂದರ ಮುಂದೆ ಅಂಗಳದ ತನಕ ಶೀಟು ಇಳಿಬಿಟ್ಟಿದ್ದರು. ಅದರ ನೆರಳಲ್ಲಿ ನಿಂತು ಒಳಗೆ ನೋಡಿದರೆ ಅಂಗಡಿಯ ಹಿಂದಿನ ಗೋಡೆಯ ಮೇಲಿದ್ದ ಬಿಸ್ಕತ್ತು ಪೊಟ್ಟಣದ ಹೆಸರನ್ನೂ ಓದಬಹುದಿತ್ತು. ಬಸ್ಸು ಬಂದು ಹೋಯಿತು. ನಾನು ಬಿಸಿಲಿಗೆ ಹೋಗಿ ನಿಲ್ಲುವುದು, ನೆರಳಿಗೆ ಬರುವುದು ಮಾಡುತ್ತಲೇ ಇದ್ದೆ. ಅಂಗಡಿಯವರು “ಎಂಥ ಬೇಕಿತ್ತು?” ಎಂದು ಎರಡು ಸಲ ಕೇಳಿದರು.

ಬಾಗಿಲ ಹೊರಗೆ, ಕಣದ ಮೇಲೆ, ಕಬ್ಬಿಣದ ಕಾಲುಗಳ ಮೇಲೆ ಚಪ್ಪರದಂತೆ ಶೀಟಿನ ಉದ್ದನೆಯ ಮಾಡು ಎಬ್ಬಿಸಿದೆವು. ಯಂತ್ರ ಈಗ ಬಿಸಿಲಿನಿಂದ ಮೊದಲು ಆ ನೆರಳಿಗೆ ಬಂದು ನಿಲ್ಲಬೇಕು. ಕಣ್ಣು ತಿಳಿಯಾದ ಮೇಲೆಯೇ ಒಳಗೆ. ಒಳಗಿನ ಚಾವಣಿಯ ಕೆಲವು ಶೀಟು ತೆಗೆದು ಬೆಳಕು ಹಾಯುವ ಶೀಟು ಹಾಕಿದೆವು. ಅಟ್ಟಿ ಕಿಟಕಿಗಿಂತ ಕೆಳಗೆ ನಿಲ್ಲಬೇಕೆಂದು ಗೋಡೆಗೆ ಬಣ್ಣದ ಪಟ್ಟಿ ಎಳೆದೆವು. ಹೊಲಿಗೆಯ ಜಾಗ ಮತ್ತೆ ಕಿಟಕಿಗೆ ಹೋಯಿತು. ಅದರ ಸುತ್ತ ನೆಲದಲ್ಲಿ ಹೂತ ಕಬ್ಬಿಣದ ಕಂಬಗಳು ನಿಂತವು. ಜನರಿಗೆ ಬೇರೆಯೇ ಬಾಗಿಲು, ಪಕ್ಕದ ಸಣ್ಣದು.

ಮಾಡು ಎದ್ದ ಮೇಲೆ ಹೊಸ ಚಾಲಕನನ್ನು ಅದೇ ಮಧ್ಯಾಹ್ನದ ಬಿಸಿಲಿನಲ್ಲಿ ಮತ್ತೆ ಬರಹೇಳಿದೆವು. ಅವನು ನೆರಳಲ್ಲಿ ನಿಂತ. ಕುತ್ತಿಗೆ ತಿರುಗಿಸಿದ. “ಚೀಲ ಬಲಗಡೆ ಉಂಟು. ಪಕ್ಕದಲ್ಲಿ ಒಂದು ಚಪ್ಪಲಿ ಕೂಡ ಉಂಟು,” ಎಂದ. ಚಪ್ಪಲಿ ನಾವು ಇಟ್ಟದ್ದಲ್ಲ. ಮೇಸ್ತ್ರಿಯದು.

ಕಾರ್ಖಾನೆ ಇಲಾಖೆಯ ಅಧಿಕಾರಿ ಬಂದಾಗ ಅವರನ್ನೂ ಬಿಸಿಲಿನಿಂದ ಒಳಗೆ ನಡೆಸಿ ತೋರಿಸಿದೆವು. ಪೊಲೀಸರಿಗೂ ಹೇಳಿಕೆ ಕೊಟ್ಟೆ. ಹಳೆಯ ಚಾಲಕನ ಮೇಲಿನ ಕೇಸು ಇನ್ನೂ ಕೋರ್ಟಿನಲ್ಲಿದೆ. ಅದು ಹೇಗೆ ಮುಗಿಯುವುದೋ ನನಗೆ ತಿಳಿಯದು. ಮ್ಯಾನೇಜರ್ ಅವನನ್ನು ಕೆಲಸಕ್ಕೆ ವಾಪಸು ಕರೆಸಿಕೊಂಡರು. ಯಂತ್ರ ಹತ್ತು ಎಂದರೆ ಮಾತ್ರ ಅವನು ಒಪ್ಪಲಿಲ್ಲ. ಈಗ ತೂಕದ ಕಟ್ಟೆಯಲ್ಲಿ ಇದ್ದಾನೆ.

ಮಳೆಗಾಲ ಕಳೆದು ಒಳ್ಳೆಯ ಬಿಸಿಲು ಬಿದ್ದಿದ್ದ ಒಂದು ದಿನ ಅಕ್ಕ ಬಂದಳು. ಊರುಗೋಲು ಹಿಡಿದು, ಮಗಳ ಜೊತೆ. ಬಲ ಪಾದ ಮಡಚುತ್ತಿರಲಿಲ್ಲ, ಕಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದಳು. ಹೆಂಗಸರೆಲ್ಲ ಕೆಲಸ ಬಿಟ್ಟು ಮುತ್ತಿಕೊಂಡರು. ಹೊಸ ಮಾಡು, ಕಿಟಕಿ, ಕಂಬ ಎಲ್ಲ ತೋರಿಸಿದೆ. ಅವಳು ತಲೆದೂಗಿದಳು. ಕಣ್ಣು ಮಾತ್ರ ತೂಕದ ಕಟ್ಟೆಯ ಕಡೆ ಹೋಗಿ ಬರುತ್ತಿತ್ತು. ಅಲ್ಲಿ ಅವನು ಬೆನ್ನು ತಿರುಗಿಸಿಕೊಂಡು ನಿಂತಿದ್ದ.

“ಅವನಿಗೆ ಕಂಡಿಲ್ಲ ಅಂತ ಎಲ್ಲರೂ ಹೇಳ್ತಾರೆ ಮೇಡಂ,” ಎಂದಳು. “ನಂಗೂ ನೋಡ್ಬೇಕು. ಹೇಗೆ ಕಾಣುದಿಲ್ಲ ಅಂತ.”

ದೊಡ್ಡ ಬಾಗಿಲಿಗೆ ನೆರಳು ಬಂದಿತ್ತು. ಪಕ್ಕದ ಸಣ್ಣ ಬಾಗಿಲ ಮುಂದೆ ಬಿಸಿಲು ಹಾಗೆಯೇ ಇತ್ತು, ಒಳಗೆ ಆ ಮೂಲೆ ಇನ್ನೂ ಕತ್ತಲೆ. ಅಲ್ಲಿಗೆ ಹೋಗೋಣ, ಒಳಗೆ ನಾನು ನಿಲ್ಲುತ್ತೇನೆ ಎಂದೆ.

“ನೀವು ಬೇಡ. ಅವನೇ ನಿಲ್ಲಲಿ.”

ಕರೆದೆ. ಅವನು ಬಂದ. ಅವಳ ಮುಖ ನೋಡದೆ ತಲೆ ತಗ್ಗಿಸಿಕೊಂಡು ಒಳಗೆ ಹೋಗಿ ನಿಂತ. ಅಕ್ಕ ಕಣದಲ್ಲಿ, ನಾನು ಹೇಳಿದಷ್ಟು ಹೊತ್ತು, ಬಿಳಿಯ ಸಿಮೆಂಟನ್ನೇ ನೋಡುತ್ತ ನಿಂತಳು. ಹಣೆಯಲ್ಲಿ ಬೆವರು ಇಳಿಯಿತು. ಆಮೇಲೆ ಊರುಗೋಲು ಊರುತ್ತ ಹೊಸಿಲು ದಾಟಿದಳು. ನಾನು ಪಕ್ಕದಲ್ಲೇ ಇದ್ದೆ.

ಎರಡು ಹೆಜ್ಜೆಗೆ ನಿಂತುಬಿಟ್ಟಳು. ಕಣ್ಣು ಅರಳಿಸಿ ಆಚೆ ಈಚೆ ನೋಡಿದಳು. ನನ್ನ ಕೈ ಹಿಡಿದುಕೊಂಡಳು.

“ಎಲ್ಲಿದ್ದೀಯೋ?”

“ಇಲ್ಲೇ ಇದ್ದೇನೆ ಅಕ್ಕ,” ಎಂದ ಅವನು. ಊರುಗೋಲು ಚಾಚಿದರೆ ತಾಗುವಷ್ಟು ಹತ್ತಿರದಿಂದ ಬಂತು ದನಿ. “ನಿಮ್ಮ ಎದುರಿಗೇ.”

ಅಕ್ಕ ದನಿ ಬಂದ ಕಡೆಗೆ ಕೈ ಚಾಚಿದಳು. ಕೈ ಗಾಳಿಯಲ್ಲಿ ತಡವರಿಸಿ, ಅವನ ಎದೆಯ ಮೇಲೆ ಅಂಗಿಯ ಗುಂಡಿಗೆ ತಾಗಿತು. ಕೈ ತೆಗೆಯದೆ ಹಾಗೆಯೇ ನಿಂತಳು. ಕತ್ತಲು ಮೆಲ್ಲಗೆ ತಿಳಿಯಾಗತೊಡಗಿತ್ತು.

“ಅಳ್ತಾ ಇದ್ದೀಯಲ್ಲೋ,” ಎಂದಳು.